ಹಿತ್ತಲ ಕೋಳಿ ಸಾಕಾಣಿಕೆ: ಮರಿಗಳ ಪಾಲನೆ ಮತ್ತು ಸೂಕ್ತ ಗೂಡಿನ ಆಯ್ಕೆ (ಸತ್ತೂರ ಹಾಗೂ ಸುತ್ತಲಿನ ಪ್ರದೇಶದ ಸಾಕಣೆದಾರರಿಗಾಗಿ)

ಪೀಠಿಕೆ

ಹುಬ್ಬಳ್ಳಿ ಮತ್ತು ಧಾರವಾಡ ನಗರಗಳ ನಡುವೆ ಪುಣೆ-ಬೆಂಗಳೂರು ರಸ್ತೆಯ ಮೇಲಿರುವ ಸತ್ತೂರವು ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಸೇರಿದ್ದರೂ, ಹಿತ್ತಲಿನಲ್ಲಿ ನಾಲ್ಕಾರು ಕೋಳಿಗಳನ್ನು ಸಾಕುವುದಕ್ಕೆ ಇಲ್ಲಿ ಇಂದಿಗೂ ಅವಕಾಶವಿದೆ. ಕಡಿಮೆ ಬಂಡವಾಳದಲ್ಲಿ ಮನೆಮಂದಿಗೆ ಪೌಷ್ಟಿಕ ಆಹಾರವನ್ನೂ, ವಿಶೇಷವಾಗಿ ಮಹಿಳೆಯರ ಕೈಗೆ ಅಲ್ಪಸ್ವಲ್ಪ ಆದಾಯವನ್ನೂ ಒದಗಿಸುವ ಉಪಕಸುಬು ಇದಾಗಿದೆ.

ಹಿತ್ತಲ ಕೋಳಿ ಸಾಕಾಣಿಕೆಯಲ್ಲಿ ನಷ್ಟವು ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ ಉಂಟಾಗುತ್ತದೆ. ಮೊದಲನೆಯದು, ಮರಿಗಳ ಮೊದಲ 4 ವಾರಗಳಲ್ಲಿ ಚಳಿ ಮತ್ತು ತೇವದಿಂದ ಆಗುವ ಸಾವು. ಎರಡನೆಯದು, ಬೆಳೆದ ಕೋಳಿಗಳು ರಾತ್ರಿಯ ವೇಳೆ ಮುಂಗುಸಿ, ಬೆಕ್ಕು, ಹೆಗ್ಗಣ ಹಾಗೂ ಬೀದಿ ನಾಯಿಗಳಿಗೆ ತುತ್ತಾಗುವುದು. ಇವೆರಡನ್ನೂ ತಡೆಯುವ ಶಕ್ತಿ ಇರುವುದು ವಸತಿಗೆ. ಆದುದರಿಂದ ಗೂಡನ್ನು ಮೊದಲು ಸಿದ್ಧಪಡಿಸಿ, ಮರಿಗಳನ್ನು ನಂತರ ತರುವುದು ಈ ಕಸುಬಿನ ಪ್ರಥಮ ನಿಯಮವೆಂದು ತಿಳಿಯತಕ್ಕದ್ದು.

ತಳಿಗಳ ಆಯ್ಕೆ

- ಜವಾರಿ ಕೋಳಿ: ವರ್ಷಕ್ಕೆ ಸುಮಾರು 50ರಿಂದ 70 ಮೊಟ್ಟೆಗಳನ್ನು ಮಾತ್ರ ನೀಡುತ್ತದೆ. ಆದರೆ ಚುರುಕಾಗಿದ್ದು, ಸ್ವತಃ ಕಾವಿಗೆ ಕುಳಿತು ಮರಿಗಳನ್ನು ಸಾಕುತ್ತದೆ. ಇದರ ಮೊಟ್ಟೆ ಹಾಗೂ ಮಾಂಸಕ್ಕೆ ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆ ಇರುತ್ತದೆ.
- ಗಿರಿರಾಜ: ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಾಣಿಕೆಗೆಂದೇ ಅಭಿವೃದ್ಧಿಪಡಿಸಿದ ತಳಿ. ಶೀಘ್ರವಾಗಿ ತೂಕ ಪಡೆಯುತ್ತದೆ. ಮಾಂಸ ಮತ್ತು ಮೊಟ್ಟೆ ಎರಡಕ್ಕೂ ಸೂಕ್ತ. ಕಾವಿಗೆ ಕೂರುವುದಿಲ್ಲ.
- ಸ್ವರ್ಣಧಾರ: ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು 2005ರಲ್ಲಿ ಬಿಡುಗಡೆ ಮಾಡಿದ ತಳಿ. ವರ್ಷಕ್ಕೆ ಸುಮಾರು 180 ಮೊಟ್ಟೆಗಳ ಸಾಮರ್ಥ್ಯವಿದೆ. ಗಿರಿರಾಜಕ್ಕಿಂತ ಹಗುರವಾದ ಮೈಕಟ್ಟು ಇರುವುದರಿಂದ ಶತ್ರು ಪ್ರಾಣಿಗಳಿಂದ ತಪ್ಪಿಸಿಕೊಳ್ಳುವುದು ಸುಲಭ.
- ವನರಾಜ ಮತ್ತು ಗ್ರಾಮಪ್ರಿಯ: ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದ ತಳಿಗಳು. ವನರಾಜವು ಮಾಂಸ ಹಾಗೂ ಮೊಟ್ಟೆ ಎರಡಕ್ಕೂ, ಗ್ರಾಮಪ್ರಿಯವು ಮುಖ್ಯವಾಗಿ ಮೊಟ್ಟೆಗೆ ಯೋಗ್ಯ.

ಸುಧಾರಿತ ತಳಿಗಳು ಕಾವಿಗೆ ಕೂರದ ಕಾರಣ, ಅವುಗಳ ಮರಿಗಳಿಗೆ ತಾಯಿಯ ಬಿಸುಪನ್ನು ಸಾಕಣೆದಾರರೇ ಕೃತಕವಾಗಿ ಒದಗಿಸಬೇಕಾಗುತ್ತದೆ. ಕಾವಿನಲ್ಲಿರುವ ಜವಾರಿ ಕೋಳಿಯೊಂದು ಮನೆಯಲ್ಲಿದ್ದಲ್ಲಿ, ಕತ್ತಲಾದ ಮೇಲೆ 10ರಿಂದ 12 ಮರಿಗಳನ್ನು ಅದರ ರೆಕ್ಕೆಯ ಕೆಳಗೆ ಬಿಡಬಹುದು. ಬೆಳಗಾದಾಗ ಕೋಳಿಯು ಮರಿಗಳನ್ನು ಒಪ್ಪಿಕೊಂಡಿದೆಯೇ ಎಂದು ತಪ್ಪದೆ ಗಮನಿಸಬೇಕು. ಕುಕ್ಕಿ ಓಡಿಸುತ್ತಿದ್ದರೆ ಮರಿಗಳನ್ನು ಕೂಡಲೇ ಬೇರ್ಪಡಿಸಬೇಕು.

ಒಂದು ದಿನದ ಮರಿಯೋ, 5-6 ವಾರಗಳ ಮರಿಯೋ?

ಒಂದು ದಿನದ ಮರಿಯ ಬೆಲೆ ಕಡಿಮೆ. ಆದರೆ 4 ವಾರಗಳ ಕಾಲ ಹಗಲಿರುಳು ಕಾವು, ಆಹಾರ ಮತ್ತು ಲಸಿಕೆಯ ಹೊಣೆ ಸಾಕಣೆದಾರರದಾಗಿರುತ್ತದೆ. ಹಗಲಿನಲ್ಲಿ ಎಲ್ಲರೂ ಕೆಲಸಕ್ಕೆ ಹೋಗುವ ಮನೆಯವರು ಹಾಗೂ ಮೊದಲ ಬಾರಿಗೆ ಸಾಕುವವರು, ಕಾವಿನ ಅವಧಿ ಮುಗಿದ 5-6 ವಾರಗಳ ಮರಿಗಳನ್ನು ಕೊಳ್ಳುವುದು ಸೂಕ್ತ. ಅಂತಹ ಮರಿಗಳಿಗೆ ಯಾವ ಯಾವ ಲಸಿಕೆಗಳನ್ನು ಹಾಕಲಾಗಿದೆ ಎಂಬುದನ್ನು ದಿನಾಂಕ ಸಹಿತ ಬರೆಸಿಕೊಳ್ಳಬೇಕು.

ಬುಟ್ಟಿಯಲ್ಲಿ ಹೊತ್ತು ಬೀದಿಯಲ್ಲಿ ಮಾರುವ ಬಣ್ಣ ಬಳಿದ ಮರಿಗಳನ್ನು ಖರೀದಿಸಬಾರದು. ಅವುಗಳ ತಳಿ, ವಯಸ್ಸು ಮತ್ತು ಲಸಿಕೆಯ ಬಗ್ಗೆ ಖಾತರಿ ಇರುವುದಿಲ್ಲ. ಸಾಮಾನ್ಯವಾಗಿ ಇವು ಮೊಟ್ಟೆ ಕೋಳಿ ತಳಿಯ ಗಂಡು ಮರಿಗಳಾಗಿದ್ದು, ಇವುಗಳಿಂದ ಮೊಟ್ಟೆಯನ್ನು ನಿರೀಕ್ಷಿಸುವಂತಿಲ್ಲ.

ಮರಿ ತರಲು ಸೂಕ್ತ ಕಾಲ

ಈ ಪ್ರದೇಶವು ಮಲೆನಾಡಿನ ಸೆರಗು ಹಾಗೂ ಬಯಲುಸೀಮೆಯ ನಡುವೆ ಇರುವುದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮ ಮತ್ತು ನೈರುತ್ಯ ದಿಕ್ಕಿನಿಂದ ಬಿರುಸಾದ ತೇವದ ಗಾಳಿ ಬೀಸುತ್ತದೆ. ಈ ದಿನಗಳಲ್ಲಿ ಹಾಸು ಒಣಗುವುದಿಲ್ಲ. ಒದ್ದೆ ಹಾಸಿನಲ್ಲಿ ರಕ್ತಭೇದಿ ರೋಗವು ಬೇಗನೆ ಹರಡುತ್ತದೆ. ಡಿಸೆಂಬರ್ ಮತ್ತು ಜನವರಿ ತಿಂಗಳ ರಾತ್ರಿಗಳು ತಂಪಾಗಿದ್ದು ಹೆಚ್ಚಿನ ಕಾವು ಬೇಕಾಗುತ್ತದೆ. ಆದುದರಿಂದ ಹೊಸಬರು ಅಕ್ಟೋಬರ್-ನವೆಂಬರ್ ಅಥವಾ ಫೆಬ್ರುವರಿ-ಮಾರ್ಚ್ ತಿಂಗಳುಗಳಲ್ಲಿ ಮರಿಗಳನ್ನು ತರುವುದು ಒಳಿತು. ಫೆಬ್ರುವರಿಯಲ್ಲಿ ತಂದ ಮರಿಗಳು ಮುಂಗಾರು ಆರಂಭವಾಗುವ ವೇಳೆಗೆ ಪೂರ್ಣ ಪುಕ್ಕ ಪಡೆದಿರುತ್ತವೆ.

ಕಾವು ನೀಡುವ ಕ್ರಮ (ಮೊದಲ 4 ವಾರಗಳು)

ಮರಿಗಳು ಬರುವ ಹಿಂದಿನ ದಿನವೇ ಕಾವಿನ ಜಾಗವನ್ನು ಸಿದ್ಧಪಡಿಸಬೇಕು. ಗಾಳಿ ನೇರವಾಗಿ ಬಡಿಯದ ಕೋಣೆ ಅಥವಾ ಪಡಸಾಲೆಯ ಮೂಲೆಯಲ್ಲಿ ಸುಣ್ಣ ಬಳಿದು ಒಣಗಿಸಿ, 2 ಅಂಗುಲ ದಪ್ಪಕ್ಕೆ ಭತ್ತದ ಹೊಟ್ಟು ಅಥವಾ ಶೇಂಗಾ ಸಿಪ್ಪೆಯನ್ನು ಹರಡಬೇಕು. ಅದರ ಸುತ್ತ ಒಂದೂವರೆ ಅಡಿ ಎತ್ತರದ ತಗಡು ಅಥವಾ ದಪ್ಪ ರಟ್ಟಿನ ವೃತ್ತಾಕಾರದ ತಡೆಯನ್ನು ನಿಲ್ಲಿಸಬೇಕು. ಚೌಕವಾದ ಮೂಲೆಗಳಲ್ಲಿ ಮರಿಗಳು ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುವ ಕಾರಣ ತಡೆಯು ವೃತ್ತಾಕಾರವಾಗಿರುವುದು ಅವಶ್ಯ. 25 ಮರಿಗಳಿಗೆ 4 ಅಡಿ ವ್ಯಾಸದ ವೃತ್ತ ಸಾಕಾಗುತ್ತದೆ.

ಮರಿಯ ಮಟ್ಟದಲ್ಲಿ ಉಷ್ಣಾಂಶವು ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರಬೇಕು. ನಂತರ ಪ್ರತಿ ವಾರ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬರಬೇಕು. 25 ಮರಿಗಳಿಗೆ 40 ಅಥವಾ 60 ವ್ಯಾಟಿನ ಎರಡು ತಂತಿ ಬಲ್ಬುಗಳನ್ನು ತಗಡಿನ ಅಥವಾ ಬಿದಿರು ಬುಟ್ಟಿಯ ಮುಚ್ಚಳದ ಕೆಳಗೆ, ಹಾಸಿನಿಂದ ಒಂದೂವರೆ ಅಡಿ ಎತ್ತರದಲ್ಲಿ ತೂಗುಹಾಕಬೇಕು. ಬಿದಿರು ಬುಟ್ಟಿಯನ್ನು ಬಳಸಿದಲ್ಲಿ ಬಲ್ಬು ಅದಕ್ಕೆ ತಾಗದಂತೆ ಅಂತರವಿರಿಸಬೇಕು. ಎರಡು ಬಲ್ಬುಗಳಿದ್ದರೆ ಒಂದು ಸುಟ್ಟುಹೋದರೂ ಮರಿಗಳು ಬೆಳಗಿನವರೆಗೆ ಬದುಕುಳಿಯುತ್ತವೆ.

ವಿಶೇಷ ಸೂಚನೆ: ಎಲ್‌ಇಡಿ ಬಲ್ಬು ಬೆಳಕನ್ನು ನೀಡುತ್ತದೆಯೇ ಹೊರತು ಮರಿಗಳಿಗೆ ಬೇಕಾಗುವಷ್ಟು ಶಾಖವನ್ನು ನೀಡುವುದಿಲ್ಲ. ಮನೆಗಳಲ್ಲಿ ಈಗ ಎಲ್‌ಇಡಿ ಬಲ್ಬುಗಳೇ ಬಳಕೆಯಲ್ಲಿರುವುದರಿಂದ, ಬೆಳಕು ಇದೆ ಎಂಬ ಭರವಸೆಯಲ್ಲಿ ಮರಿಗಳನ್ನು ಚಳಿಗೆ ಬಿಟ್ಟಂತಾಗುತ್ತದೆ. ತಂತಿ ಬಲ್ಬು ಅಥವಾ ಶಾಖ ನೀಡುವ ವಿಶೇಷ ದೀಪಗಳನ್ನೇ ಬಳಸತಕ್ಕದ್ದು.

ಉಷ್ಣಮಾಪಕ ಇಲ್ಲದಿದ್ದಲ್ಲಿ ಮರಿಗಳ ವರ್ತನೆಯೇ ಮಾರ್ಗದರ್ಶಿ:

- ಬಲ್ಬಿನ ಕೆಳಗೆ ಗುಂಪುಗೂಡಿ ಚೀರುತ್ತಿದ್ದರೆ ಶಾಖ ಕಡಿಮೆ, ಬಲ್ಬನ್ನು ಕೆಳಗಿಳಿಸಬೇಕು.
- ಬಲ್ಬಿನಿಂದ ದೂರ ಸರಿದು ಬಾಯಿ ತೆರೆದು ಉಸಿರಾಡುತ್ತಿದ್ದರೆ ಶಾಖ ಹೆಚ್ಚು, ಮೇಲೆತ್ತಬೇಕು.
- ಒಂದೇ ಬದಿಗೆ ಸೇರಿದ್ದರೆ ಮತ್ತೊಂದು ಬದಿಯಿಂದ ತಣ್ಣನೆಯ ಗಾಳಿ ಬರುತ್ತಿದೆ. ಗೋಣಿತಟ್ಟಿನಿಂದ ಮರೆ ಮಾಡಬೇಕು.
- ಎಲ್ಲೆಡೆ ಸಮನಾಗಿ ಹರಡಿಕೊಂಡು ಮೇಯುತ್ತಿದ್ದರೆ ಶಾಖ ಸರಿಯಾಗಿದೆ.

ರಾತ್ರಿ ಮಲಗುವ ಮುನ್ನ ಒಮ್ಮೆ ಹಾಗೂ ಬೆಳಗಿನ ಜಾವ ಒಮ್ಮೆ ನೋಡುವುದು ಕಡ್ಡಾಯ. ವಿದ್ಯುತ್ ಕೈಕೊಟ್ಟಾಗ ಬಿಸಿನೀರು ತುಂಬಿದ ಬಾಟಲಿಗಳಿಗೆ ಬಟ್ಟೆ ಸುತ್ತಿ ಮರಿಗಳ ನಡುವೆ ಇರಿಸಬಹುದು. ಇದ್ದಿಲಿನ ಶೆಗಡಿಯನ್ನು ಮುಚ್ಚಿದ ಕೋಣೆಯಲ್ಲಿ ಇಡಲೇಬಾರದು. ಅದರಿಂದ ಹೊರಬರುವ ವಿಷಾನಿಲಕ್ಕೆ ವಾಸನೆ ಇರುವುದಿಲ್ಲ. ಅದು ಮರಿಗಳಿಗೆ ಮಾತ್ರವಲ್ಲದೆ ಅದೇ ಕೋಣೆಯಲ್ಲಿ ಮಲಗಿದ ಮನುಷ್ಯರಿಗೂ ಪ್ರಾಣಾಪಾಯ ತರುತ್ತದೆ.

ಮರಿಗಳ ಆಹಾರ ಮತ್ತು ನೀರು

1. ಮರಿಗಳು ಬಂದ ಕೂಡಲೇ ಕುದಿಸಿ ಆರಿಸಿದ ನೀರಿಗೆ ಲೀಟರಿಗೆ ಸುಮಾರು 50 ಗ್ರಾಂ ಬೆಲ್ಲ ಅಥವಾ ಸಕ್ಕರೆ ಬೆರೆಸಿ ಕುಡಿಸಬೇಕು. ಪ್ರತಿ ಮರಿಯ ಕೊಕ್ಕನ್ನು ಒಮ್ಮೆ ನೀರಿಗೆ ಅದ್ದಿ ಬಿಟ್ಟರೆ ಅದು ಕುಡಿಯಲು ಕಲಿಯುತ್ತದೆ.
2. ಮೊದಲ ದಿನ ಗೋವಿನಜೋಳದ ಸಣ್ಣ ನುಚ್ಚನ್ನು ಕಾಗದದ ಮೇಲೆ ಹರಡಿ ನೀಡಬಹುದು. ನುಣುಪಾದ ಕಾಗದವನ್ನು ಬಹಳ ದಿನ ಹಾಸಿದರೆ ಮರಿಗಳ ಕಾಲು ಜಾರಿ ಅಗಲವಾಗುತ್ತವೆ. ಆದ್ದರಿಂದ ಎರಡು ಮೂರು ದಿನಗಳಲ್ಲಿ ತೆಗೆಯಬೇಕು.
3. ಎರಡನೆಯ ದಿನದಿಂದ ಶೇಕಡ 20ರಷ್ಟು ಸಸಾರಜನಕವುಳ್ಳ ಮರಿ ಆಹಾರವನ್ನು ಕನಿಷ್ಠ 6 ವಾರಗಳವರೆಗೆ ನೀಡಬೇಕು. ಬರಿಯ ನುಚ್ಚು ಅಥವಾ ಅನ್ನವನ್ನೇ ನಂಬಿದರೆ ಮರಿಗಳು ಕುಂಠಿತವಾಗುತ್ತವೆ.
4. ನೀರಿನ ಪಾತ್ರೆಯು ಆಳವಿಲ್ಲದ್ದಾಗಿರಬೇಕು. ತಟ್ಟೆಯಲ್ಲಿ ನೀರಿಡುವುದಾದರೆ ಬೆಣಚು ಕಲ್ಲುಗಳನ್ನು ಹಾಕಿದಲ್ಲಿ ಮರಿಗಳು ಮುಳುಗುವುದಿಲ್ಲ, ನೆನೆಯುವುದೂ ಇಲ್ಲ.

ಬೆಳೆದ ಕೋಳಿಗಳು ಹಿತ್ತಲಿನಲ್ಲಿ ಹುಳು, ಹುಲ್ಲು, ಸೊಪ್ಪು ಹಾಗೂ ಚೆಲ್ಲಿದ ಕಾಳುಗಳನ್ನು ಮೇಯುತ್ತವೆ. ಇದರ ಜೊತೆಗೆ ಸಂಜೆ ಗೂಡಿಗೆ ಮರಳುವ ಹೊತ್ತಿನಲ್ಲಿ ಪ್ರತಿ ಕೋಳಿಗೆ 30ರಿಂದ 50 ಗ್ರಾಂ ಗೋವಿನಜೋಳ, ಜೋಳ ಅಥವಾ ಸಜ್ಜೆಯ ನುಚ್ಚನ್ನು ತೌಡಿನೊಡನೆ ನೀಡಬೇಕು. ಗೂಡಿನೊಳಗೇ ಆಹಾರ ನೀಡುವುದನ್ನು ರೂಢಿಸಿದರೆ ಕತ್ತಲಾಗುವ ಮುನ್ನ ಕೋಳಿಗಳು ತಾವಾಗಿಯೇ ಗೂಡು ಸೇರುತ್ತವೆ. ಮೊಟ್ಟೆ ಇಡುವ ಕೋಳಿಗಳಿಗೆ ಸುಣ್ಣಕಲ್ಲಿನ ಪುಡಿ ಅಥವಾ ಚಿಪ್ಪಿನ ಪುಡಿಯನ್ನು ಬೇರೆ ಪಾತ್ರೆಯಲ್ಲಿ ಇಡಬೇಕು.

ಬಿತ್ತನೆಗಾಗಿ ಔಷಧಿ ಲೇಪಿಸಿದ ಗೋವಿನಜೋಳ, ಸೋಯಾ ಮುಂತಾದ ಬೀಜಗಳು ಕೋಳಿಗಳಿಗೆ ವಿಷವಾಗುತ್ತವೆ. ಬಿತ್ತನೆಯ ದಿನಗಳಲ್ಲಿ ಖಾಲಿ ಚೀಲಗಳನ್ನು ಹಿತ್ತಲಿನಲ್ಲಿ ಜಾಡಿಸಬಾರದು. ಬೂಷ್ಟು ಹಿಡಿದ ಶೇಂಗಾ ಹಿಂಡಿ ಹಾಗೂ ಕಾಳುಗಳನ್ನು ಯಾವ ಕಾರಣಕ್ಕೂ ನೀಡಬಾರದು.

ಗೂಡಿನ ಆಯ್ಕೆ

ಈ ಭಾಗದಲ್ಲಿ ಸಾಮಾನ್ಯವಾಗಿ ಕಂಡುಬರುವ ವಸತಿಗಳ ಗುಣದೋಷಗಳು ಹೀಗಿವೆ:

- ಬಿದಿರು ಬುಟ್ಟಿ: ಹಗಲು ವೇಳೆ ತಾಯಿ ಕೋಳಿ ಮತ್ತು ಮರಿಗಳನ್ನು ಹದ್ದು, ಕಾಗೆಗಳಿಂದ ಕಾಪಾಡಲು ಸಾಕು. ರಾತ್ರಿಯ ರಕ್ಷಣೆಗೆ ಸಾಲದು. ನಾಯಿಯು ಉರುಳಿಸುತ್ತದೆ, ಹೆಗ್ಗಣವು ಕೆಳಗಿನಿಂದ ಬಿಲ ತೋಡುತ್ತದೆ.
- ಮೆಟ್ಟಿಲ ಕೆಳಗಿನ ಅಥವಾ ಗೋಡೆಗೆ ಹೊಂದಿಸಿದ ಕಲ್ಲಿನ ಗೂಡು: ಶತ್ರು ಪ್ರಾಣಿಗಳಿಂದ ಭದ್ರ. ಆದರೆ ಗಾಳಿ ಬೆಳಕು ಸಾಲದೆ ಕೋಳಿ ಹೇನು ಮತ್ತು ಉಣ್ಣೆಗಳು ಸಂದುಗಳಲ್ಲಿ ಸೇರಿಕೊಳ್ಳುತ್ತವೆ. ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ, ಬಾಗಿಲಿಗೆ ಜಾಲರಿ ಅಳವಡಿಸಿದರೆ ಬಳಸಬಹುದು.
- ಕಂಬಗಳ ಮೇಲೆ ನಿಂತ ಮರ ಅಥವಾ ಕಬ್ಬಿಣದ ಗೂಡು: 5ರಿಂದ 20 ಕೋಳಿಗಳಿಗೆ ಅತ್ಯಂತ ಸೂಕ್ತ. ಈ ಪ್ರದೇಶದ ಎರೆ ಮಣ್ಣು ಮಳೆಗಾಲದಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ನೆಲದಿಂದ 2 ಅಡಿ ಎತ್ತರದ ಗೂಡು ಒಣಗಿರುತ್ತದೆ, ಶುಚಿಗೊಳಿಸಲೂ ಸುಲಭ.
- ನೆಲದ ಮೇಲೆ ಹಾಸು ಹರಡಿದ ಶೆಡ್ಡು: 50ಕ್ಕಿಂತ ಹೆಚ್ಚು ಕೋಳಿಗಳಿದ್ದಾಗ ಮಾತ್ರ ಲಾಭದಾಯಕ. ವಸತಿ ಬಡಾವಣೆಗಳಿಗೆ ಯೋಗ್ಯವಲ್ಲ.

10 ಕೋಳಿಗಳ ಗೂಡಿನ ಅಳತೆ

ರಾತ್ರಿ ತಂಗಲು ಬೆಳೆದ ಕೋಳಿಯೊಂದಕ್ಕೆ 2 ಚದರ ಅಡಿ ಸ್ಥಳ ಬೇಕು. ಅದರಂತೆ 10 ಕೋಳಿಗಳಿಗೆ 5 ಅಡಿ ಉದ್ದ, 4 ಅಡಿ ಅಗಲದ ಗೂಡು ಸಾಕಾಗುತ್ತದೆ. ಎತ್ತರವು ಮುಂಭಾಗದಲ್ಲಿ 4 ಅಡಿ, ಹಿಂಭಾಗದಲ್ಲಿ 3 ಅಡಿ ಇದ್ದರೆ ಮಳೆ ನೀರು ಹಿಂದಕ್ಕೆ ಹರಿದುಹೋಗುತ್ತದೆ.

- ದಿಕ್ಕು: ಉದ್ದವು ಪೂರ್ವ-ಪಶ್ಚಿಮವಾಗಿರಲಿ; ಬಿಸಿಲು ನೇರವಾಗಿ ಒಳಬೀಳುವುದಿಲ್ಲ. ಮಳೆಗಾಳಿ ಬಡಿಯುವ ಪಶ್ಚಿಮ ಬದಿಯನ್ನು ಹಲಗೆಯಿಂದ ಪೂರ್ತಿ ಮುಚ್ಚಬೇಕು. ದಕ್ಷಿಣ ಬದಿಗೆ ಮಳೆಗಾಲದಲ್ಲಿ ಇಳಿಬಿಡುವಂತಹ ಗೋಣಿ ಅಥವಾ ತಾಡಪತ್ರಿಯ ಪರದೆ ಇರಬೇಕು. ಪರದೆಯು ಮೇಲ್ಭಾಗದಲ್ಲಿ ಅರ್ಧ ಅಡಿ ಗಾಳಿಗೆ ಬಿಟ್ಟಿರಬೇಕು.
- ಜಾಲರಿ: ಅರ್ಧ ಅಂಗುಲ ಕಿಂಡಿಯ ಬೆಸುಗೆ ಜಾಲರಿಯನ್ನು ಬಳಸಬೇಕು. ಅಗಲ ಕಿಂಡಿಯ ತೆಳು ಜಾಲರಿಯು ಕೋಳಿಗಳನ್ನು ಒಳಗಿಡುತ್ತದೆಯೇ ಹೊರತು ಹೆಗ್ಗಣ, ಮುಂಗುಸಿಗಳನ್ನು ಹೊರಗಿಡುವುದಿಲ್ಲ.
- ಛಾವಣಿ: ತಗಡಿನ ಛಾವಣಿಯು ಏಪ್ರಿಲ್-ಮೇ ತಿಂಗಳಲ್ಲಿ ಕಾದು ಕೋಳಿಗಳಿಗೆ ಸಂಕಟವಾಗುತ್ತದೆ. ಮಂಗಳೂರು ಹೆಂಚು ಉತ್ತಮ. ತಗಡು ಹಾಕಿದಲ್ಲಿ ಬೇಸಿಗೆಯಲ್ಲಿ ಅದರ ಮೇಲೆ ಜೋಳದ ದಂಟು ಅಥವಾ ತೆಂಗಿನ ಗರಿ ಹೊದಿಸಬೇಕು.
- ಕೂರುವ ಗಳು: ಕೋಳಿಯೊಂದಕ್ಕೆ 8 ಅಂಗುಲದಂತೆ 4 ಅಡಿಯ ಎರಡು ಗಳುಗಳನ್ನು ಒಂದೇ ಎತ್ತರದಲ್ಲಿ ಕಟ್ಟಬೇಕು. ಗಿರಿರಾಜದಂತಹ ತೂಕದ ಕೋಳಿಗಳಿಗೆ ಗಳುಗಳ ಎತ್ತರ ಒಂದೂವರೆ ಅಡಿ ಮೀರಬಾರದು. ಮೇಲಿಂದ ಧುಮುಕಿ ಪಾದಕ್ಕೆ ಪೆಟ್ಟಾಗುತ್ತದೆ.
- ಮೊಟ್ಟೆ ಇಡುವ ಪೆಟ್ಟಿಗೆ: 4-5 ಕೋಳಿಗಳಿಗೆ ಒಂದರಂತೆ ಒಂದು ಅಡಿ ಉದ್ದ, ಅಗಲ, ಎತ್ತರದ ಪೆಟ್ಟಿಗೆಗಳನ್ನು ಮಬ್ಬು ಬೆಳಕಿನ ಬದಿಯಲ್ಲಿ ಇಡಬೇಕು.
- ಬಾಗಿಲು: ಬರಿಯ ಕೊಕ್ಕೆ ಸಾಲದು, ಚಿಲಕಕ್ಕೆ ಕೀಲಿ ಅಥವಾ ಮೊಳೆ ಸಿಕ್ಕಿಸುವ ವ್ಯವಸ್ಥೆ ಬೇಕು. ಮನುಷ್ಯರ ಕೈ ಎಲ್ಲಾ ಮೂಲೆಗಳನ್ನು ತಲುಪುವಷ್ಟು ಬಾಗಿಲು ದೊಡ್ಡದಿರಲಿ. ಕೈಗೆಟುಕದ ಮೂಲೆ ಎಂದೂ ಶುಚಿಯಾಗುವುದಿಲ್ಲ.

ಸಿದ್ಧ ಗೂಡನ್ನು ಕೊಳ್ಳುವವರು ಮಾರಾಟಗಾರರು ಹೇಳುವ ಕೋಳಿಗಳ ಸಂಖ್ಯೆಯನ್ನು ನಂಬದೆ, ಟೇಪಿನಿಂದ ನೆಲವನ್ನು ಅಳೆದು 2ರಿಂದ ಭಾಗಿಸಿ ನೋಡಬೇಕು. 12 ಚದರ ಅಡಿ ಇದ್ದರೆ ಅದು 6 ಕೋಳಿಗಳ ಗೂಡು. ಇಕ್ಕಟ್ಟಿನಲ್ಲಿ ಕೋಳಿಗಳು ಒಂದನ್ನೊಂದು ಕುಕ್ಕಿ ಗಾಯಗೊಳಿಸುತ್ತವೆ.

ಲಸಿಕಾ ಕಾರ್ಯಕ್ರಮ

- 1ನೇ ದಿನ: ಮ್ಯಾರೆಕ್ಸ್ ಲಸಿಕೆ (ಮರಿ ಉತ್ಪಾದನಾ ಕೇಂದ್ರದಲ್ಲಿಯೇ)
- 5ರಿಂದ 7ನೇ ದಿನ: ರಾಣಿಖೇತ್ ರೋಗದ ಎಫ್ ಅಥವಾ ಲಸೋಟ ಲಸಿಕೆ, ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ
- 14ನೇ ದಿನ: ಗುಂಬೋರೋ ರೋಗದ ಲಸಿಕೆ
- 28ನೇ ದಿನ: ರಾಣಿಖೇತ್ ಲಸೋಟ, ಎರಡನೆಯ ಬಾರಿ
- 6ರಿಂದ 7ನೇ ವಾರ: ಕೋಳಿ ಸಿಡುಬಿನ ಲಸಿಕೆ
- 8ರಿಂದ 10ನೇ ವಾರ: ರಾಣಿಖೇತ್ ಆರ್2ಬಿ ಲಸಿಕೆ, ಚುಚ್ಚುಮದ್ದು

ರಾಣಿಖೇತ್ ರೋಗಕ್ಕೆ ಔಷಧವಿಲ್ಲ. ಹಸಿರು ಮಿಶ್ರಿತ ಬಿಳಿ ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವಿಕೆ ಇದರ ಲಕ್ಷಣಗಳು. ಒಂದು ಮನೆಗೆ ಬಂದ ರೋಗವು ಕೆಲವೇ ದಿನಗಳಲ್ಲಿ ಓಣಿಯ ಕೋಳಿಗಳನ್ನೆಲ್ಲಾ ಬಲಿ ತೆಗೆದುಕೊಳ್ಳಬಲ್ಲದು. ಲಸಿಕೆಯ ಒಂದು ಬಾಟಲಿಯಲ್ಲಿ 100 ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಸಾಲುವಷ್ಟು ಪ್ರಮಾಣವಿದ್ದು, ಬೆರೆಸಿದ ನಂತರ ಎರಡು ಗಂಟೆಗಳೊಳಗೆ ಬಳಸಬೇಕಾಗುತ್ತದೆ. ಹತ್ತು ಕೋಳಿಗಳಿಗಾಗಿ ಬಾಟಲಿ ಒಡೆಯುವುದು ದುಬಾರಿ ಎಂದು ಲಸಿಕೆಯನ್ನೇ ಕೈಬಿಡುವುದು ಸರಿಯಲ್ಲ. ಓಣಿಯ ಎಂಟು ಹತ್ತು ಮನೆಯವರು ಒಂದೇ ದಿನವನ್ನು ಗೊತ್ತುಪಡಿಸಿಕೊಂಡು, ಕೋಳಿಗಳು ಗೂಡಿನಲ್ಲಿರುವ ಮುಂಜಾನೆ ಅಥವಾ ಸಂಜೆ ಒಟ್ಟಾಗಿ ಲಸಿಕೆ ಹಾಕಿಸುವುದು ಮಿತವ್ಯಯಕರ. ಲಸಿಕೆಯನ್ನು ಮಂಜುಗಡ್ಡೆ ತುಂಬಿದ ಥರ್ಮಾಸ್‌ನಲ್ಲಿಯೇ ತರಬೇಕು.

ಮೂರರಿಂದ ಆರು ವಾರಗಳ ಮರಿಗಳಲ್ಲಿ ಹಿಕ್ಕೆಯೊಡನೆ ರಕ್ತ ಕಂಡುಬಂದರೆ ಅದು ರಕ್ತಭೇದಿಯ ಸೂಚನೆ. ಒದ್ದೆ ಹಾಸನ್ನು ತೆಗೆದು, ಪಶುವೈದ್ಯರ ಸಲಹೆಯಂತೆ ಅದೇ ದಿನ ಔಷಧ ಆರಂಭಿಸಬೇಕು.

ಹಕ್ಕಿಜ್ವರದ ಬಗ್ಗೆ ಎಚ್ಚರಿಕೆ

ಭಾರತದಲ್ಲಿ ಸಾಕು ಕೋಳಿಗಳಲ್ಲಿ ಹಕ್ಕಿಜ್ವರವು 2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲು ದೃಢಪಟ್ಟಿತು. ಕರ್ನಾಟಕದಲ್ಲಿ 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಕಾಣಿಸಿಕೊಂಡಿತು. ಕೋಳಿಗಳು ಏಕಾಏಕಿ ಗುಂಪಾಗಿ ಸತ್ತಲ್ಲಿ ಅವುಗಳನ್ನು ಬರಿಗೈಯಿಂದ ಮುಟ್ಟಬಾರದು, ಅಡುಗೆಗೆ ಬಳಸಬಾರದು, ಚರಂಡಿ ಅಥವಾ ಕೆರೆಗೆ ಎಸೆಯಬಾರದು. ಉಳಿದ ಕೋಳಿಗಳನ್ನು ಮಾರಲು ಆತುರಪಡದೆ ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು. ಹೊಸದಾಗಿ ಕೊಂಡ ಕೋಳಿಗಳನ್ನು ಮೊದಲ 2 ವಾರ ಪ್ರತ್ಯೇಕವಾಗಿ ಇರಿಸಬೇಕು.

ನೆರೆಹೊರೆ ಮತ್ತು ನೈರ್ಮಲ್ಯ

ಗೂಡು ಪಕ್ಕದ ಮನೆಯ ಕಿಟಕಿ ಹಾಗೂ ನೀರಿನ ತೊಟ್ಟಿಯಿಂದ ದೂರವಿರಲಿ. ಹಿಕ್ಕೆಯನ್ನು ದಿನವೂ ತೆಗೆದು ತಿಪ್ಪೆಯಲ್ಲಿ ಮಣ್ಣು ಮತ್ತು ಒಣ ಎಲೆಯೊಂದಿಗೆ ಕೊಳೆಸಬೇಕು. ಚೆನ್ನಾಗಿ ಕಳಿತ ಮೇಲೆ ಮಾವು, ತೆಂಗು ಹಾಗೂ ತರಕಾರಿಗೆ ಉತ್ತಮ ಗೊಬ್ಬರವಾಗುತ್ತದೆ. ಹಸಿ ಹಿಕ್ಕೆಯನ್ನು ನೇರವಾಗಿ ಹಾಕಿದರೆ ಬೇರು ಸುಡುತ್ತದೆ. ಮೊಟ್ಟೆಗಾಗಿ ಮಾತ್ರ ಸಾಕುವವರಿಗೆ ಹುಂಜದ ಅವಶ್ಯಕತೆ ಇಲ್ಲ. ಮರಿ ಮಾಡಿಸುವವರು 8ರಿಂದ 10 ಹೇಂಟೆಗಳಿಗೆ ಒಂದು ಹುಂಜವನ್ನು ಇಟ್ಟುಕೊಂಡರೆ ಸಾಕು. ಬಡಾವಣೆಗಳಲ್ಲಿ ವಾಸಿಸುವವರು ಕೋಳಿ ಸಾಕುವ ಮುನ್ನ ಮಹಾನಗರ ಪಾಲಿಕೆಯ ವಲಯ ಕಚೇರಿಯಲ್ಲಿ ನಿಯಮಗಳನ್ನು ವಿಚಾರಿಸಿಕೊಳ್ಳಬೇಕು.

ಮರಿಗಳನ್ನು ತರುವ ಮುನ್ನ ಖಚಿತಪಡಿಸಿಕೊಳ್ಳಬೇಕಾದ ಅಂಶಗಳು

1. ಗೂಡು ಪೂರ್ಣಗೊಂಡು, ಬಾಗಿಲು ಹಾಗೂ ಜಾಲರಿಯನ್ನು ಪರೀಕ್ಷಿಸಲಾಗಿದೆಯೇ?
2. ಕಾವಿನ ಜಾಗ ಒಣಗಿದ್ದು, ಬಲ್ಬುಗಳನ್ನು ಒಂದು ರಾತ್ರಿ ಉರಿಸಿ ನೋಡಲಾಗಿದೆಯೇ?
3. ಕನಿಷ್ಠ 2 ವಾರಗಳ ಮರಿ ಆಹಾರ ಮನೆಯಲ್ಲಿದೆಯೇ?
4. ಲಸಿಕೆಯ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ನೆರೆಯವರೊಡನೆ ಮಾತನಾಡಲಾಗಿದೆಯೇ?

ಈ ನಾಲ್ಕು ಅಂಶಗಳಲ್ಲಿ ಒಂದು ಬಾಕಿ ಇದ್ದರೂ ಮರಿಗಳ ಖರೀದಿಯನ್ನು ಮುಂದೂಡುವುದು ಲೇಸು. ಹೆಚ್ಚಿನ ಮಾಹಿತಿಗಾಗಿ ಸಮೀಪದ ಪಶು ಚಿಕಿತ್ಸಾಲಯ ಅಥವಾ ಧಾರವಾಡದ ಉಪ ನಿರ್ದೇಶಕರು, ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ ಇವರನ್ನು ಸಂಪರ್ಕಿಸಬಹುದು. ಪಶುವೈದ್ಯಕೀಯ ತುರ್ತು ನೆರವಿಗಾಗಿ 1962 ಸಂಖ್ಯೆಗೆ ಕರೆ ಮಾಡಬಹುದು.